ಕೈಕಂಬ, ಕೈಮರ, ಕೈಸನ್ನೆ



ಉಪ್ಪಳದ ಕೈಕಂಬದಲ್ಲಿ ಬಸ್ಸಿಳಿದು ಬಾಯಾರಿನ ಕಡೆಗೆ ಹೋಗುವವರು ನಮ್ಮ ಕೇಳುಗರಲ್ಲಿ ತುಂಬ ಮಂದಿ ಇದ್ದೀರಿ. ಗುರುಪುರದ ಹತ್ತಿರ ಇನ್ನೊಂದು ಕೈಕಂಬ ಉಂಟು, ಬಿ.ಸಿ. ರೋಡಿನಲ್ಲಿ ಮತ್ತೊಂದು. ಘಟ್ಟ ಹತ್ತಿದರೆ ಚಿಕ್ಕಮಗಳೂರಿನ ಬಳಿ ಕೈಮರ. ದಾರಿ ಕವಲೊಡೆಯುವಲ್ಲಿ ಕಂಬ ನೆಟ್ಟು, ಬೆರಳು ಚಾಚಿದ ಕೈಯ ಹಾಗಿರುವ ಹಲಗೆ ಹೊಡೆದು, ಮುಂದಿನ ಊರಿನ ಹೆಸರು ಬರೆದಿಡುತ್ತಿದ್ದ ಕಾಲದ ಹೆಸರುಗಳು ಇವು. ಇದೇ ಕಂಬ ಮಲಯಾಳದಲ್ಲಿ ಕೈಚೂಂಡಿ, ತಮಿಳಿನಲ್ಲಿ ಕೈಕಾಟ್ಟಿ. ಮೂರು ಭಾಷೆಯವರೂ ಆ ಕಂಬದಲ್ಲಿ ಕಂಡದ್ದು ಕೈಯನ್ನೇ. ಆಮೇಲೆ ರೈಲು ಬಂತು. ಕಾಸರಗೋಡನ್ನು ಹಾದು ಅದು ಮಂಗಳೂರಿಗೆ ಮುಟ್ಟಿದ್ದು 1907ರಲ್ಲಿ. ಹಳಿಯ ಪಕ್ಕದ ಸಿಗ್ನಲ್ ಕಂಬಕ್ಕೂ ಕನ್ನಡದಲ್ಲಿ ಕೈಮರವೆಂದೇ ಹೆಸರಾಯಿತು. ಕೈ ಅಡ್ಡ ಚಾಚಿದ್ದರೆ ನಿಲ್ಲು, ಕೆಳಗೆ ವಾಲಿದ್ದರೆ ಹೋಗು.

ಇವೆಲ್ಲ ನೆಟ್ಟಲ್ಲೇ ನಿಂತ ಕೈಗಳು. ಇಂದಿನ ಮಾತು ಓಡುವ ಕೈಯದ್ದು. ಸೈಕಲ್ ಸವಾರ ತಿರುಗುವ ಮೊದಲು ಕೈ ಚಾಚುತ್ತಾನಲ್ಲ, ಆ ಸನ್ನೆ ಎಲ್ಲಿಂದ ಬಂತು, ಈಗ ಅದು ಯಾರಿಗೆ ಅರ್ಥವಾಗುತ್ತದೆ ಎಂಬ ವಿಚಾರ.

ಸೈಕಲ್ ಹುಟ್ಟಿದ ದೇಶಗಳಲ್ಲಿ ಮೊದಲು ಅದನ್ನು ಯಾವ ಲೆಕ್ಕಕ್ಕೆ ಸೇರಿಸುವುದೆಂಬುದೇ ಗೊಂದಲವಾಗಿತ್ತು. ಬ್ರಿಟನ್ನಿನಲ್ಲಿ 1888ರ ಒಂದು ಕಾಯ್ದೆ ಸೈಕಲನ್ನೂ ಗಾಡಿಯೆಂದೇ ತೀರ್ಮಾನಿಸಿತು. ರಾತ್ರಿ ದೀಪ ಇರಬೇಕು, ದಾಟಿ ಮುಂದೆ ಹೋಗುವಾಗ ಗಂಟೆಯನ್ನೋ ಸೀಟಿಯನ್ನೋ ಬಾರಿಸಬೇಕು ಎಂದಿತು. ಕೈಯ ಮಾತು ಅದರಲ್ಲಿ ಇರಲಿಲ್ಲ. ಕೈಯನ್ನು ನಿಯಮದ ಒಳಗೆ ತಂದದ್ದು ಮೋಟಾರು. 1931ರಲ್ಲಿ ಅಲ್ಲಿನ ಸರಕಾರ ‘ಹೈವೇ ಕೋಡ್’ ಎಂಬ ಪುಸ್ತಿಕೆ ಹೊರಡಿಸಿತು, ಬೆಲೆ ಒಂದು ಪೆನ್ನಿ. ಮೋಟಾರಿನವನು ಕೈಯಿಂದ ಮಾಡುವ ಸನ್ನೆಗಳ ಜೊತೆಗೆ ಕುದುರೆಗಾಡಿಯವನು ಚಾಟಿಯಿಂದ ಮಾಡುವ ಸನ್ನೆಗಳೂ ಅದರಲ್ಲಿದ್ದವು. ಎಡಕ್ಕೆ ಹೋಗುವುದಾದರೆ ಚಾಟಿಯನ್ನು ತಲೆಯ ಮೇಲೆ ತಿರುಗಿಸಿ ಎಡಕ್ಕೆ ವಾಲಿಸಬೇಕು. ಲಗಾಮು ಹಿಡಿದವನಿಗೆ ಚಾಟಿಯೇ ಉದ್ದದ ಬೆರಳು!

ನಮ್ಮ ದೇಶಕ್ಕೆಲ್ಲ ಅನ್ವಯಿಸುವ ಮೋಟಾರು ಕಾಯ್ದೆ ಮೊದಲು ಆದದ್ದು 1914ರಲ್ಲಿ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಕೆಂಪು ಮಣ್ಣಿನ ದಾರಿಗೆ ಸಿ.ಪಿ.ಸಿ. ಕಂಪೆನಿಯ ಬಸ್ಸುಗಳು ಇಳಿದದ್ದೂ ಹೆಚ್ಚುಕಡಿಮೆ ಆ ದಶಕದಲ್ಲೇ. ಕಾಸರಗೋಡು ಆಗ ಅದೇ ಜಿಲ್ಲೆಯ ತಾಲೂಕು, ಎಲ್ಲವೂ ಮದ್ರಾಸಿನ ಆಡಳಿತ. ಮುಂದೆ 1939ರಲ್ಲಿ ದೊಡ್ಡ ಕಾಯ್ದೆ ಬಂತು. ಚಾಲಕ ಯಾವಾಗ ಯಾವ ಸನ್ನೆ ಮಾಡಬೇಕೆಂದು ಅದರ ಒಂದು ಅನುಸೂಚಿಯಲ್ಲಿ ಬರೆದಿಟ್ಟರು. 1988ರಲ್ಲಿ ಕಾಯ್ದೆ ಹೊಸದಾಯಿತು, 1989ರಲ್ಲಿ ರಸ್ತೆ ನಿಯಮಾವಳಿ ಬಂತು. ಆಗಲೂ ಕೈಸನ್ನೆ ಉಳಿಯಿತು.

ಆ ನಿಯಮಾವಳಿಯಲ್ಲಿ ಐದು ಸನ್ನೆಗಳು. ವೇಗ ತಗ್ಗಿಸುವವನು ಬಲಗೈ ಹೊರಗೆ ಚಾಚಿ, ಅಂಗೈ ಕೆಳಗೆ ಮಾಡಿ, ಮೇಲೆ ಕೆಳಗೆ ಆಡಿಸಬೇಕು. ನಿಲ್ಲಿಸುವವನು ಮುಂಗೈಯನ್ನು ನೆಟ್ಟಗೆ ಮೇಲೆತ್ತಬೇಕು. ಬಲಕ್ಕೆ ತಿರುಗುವವನು ಅಂಗೈ ಮುಂದಾಗಿ ಕೈಯನ್ನು ಅಡ್ಡಲಾಗಿ ಚಾಚಿ ಹಿಡಿಯಬೇಕು. ಎಡಕ್ಕೆ ತಿರುಗುವವನು ಅದೇ ಬಲಗೈಯನ್ನು ಚಾಚಿ ಅಪ್ರದಕ್ಷಿಣವಾಗಿ ಸುತ್ತಿಸಬೇಕು. ಹಿಂದಿನವನಿಗೆ ‘ನೀನು ದಾಟಿ ಹೋಗು’ ಎನ್ನಬೇಕಾದರೆ ಕೈಯನ್ನು ಹಿಂದಿನಿಂದ ಮುಂದಕ್ಕೆ ಅರ್ಧ ವೃತ್ತದಲ್ಲಿ ಬೀಸಬೇಕು. ಐದಕ್ಕೂ ಬಲಗೈಯೇ. ಕಾರಣ ಸುಲಭ. ನಾವು ಎಡಬದಿಯಲ್ಲಿ ಹೋಗುವವರು, ಆದ್ದರಿಂದ ಚಾಲಕ ಕೂರುವುದು ಬಲಕ್ಕೆ. ಅವನ ಎಡಗೈ ವಾಹನದ ಒಳಗೆ ಮುಚ್ಚಿಹೋಗಿರುತ್ತದೆ. ಎಡಕ್ಕೆ ಹೋಗುವುದನ್ನೂ ಬಲಗೈಯೇ ಹೇಳಬೇಕು.

ಗೋವೆಯ ಕೇಳುಗರಿಗೆ ಇಲ್ಲಿ ಒಂದು ಸ್ವಾರಸ್ಯ. 1928ರಲ್ಲಿ ಪೋರ್ಚುಗಲ್ ದೇಶ ರಸ್ತೆಯ ಎಡಬದಿಯಿಂದ ಬಲಬದಿಗೆ ಬದಲಾಯಿತು, ಆದರೆ ಗೋವೆಯನ್ನು ಎಡಬದಿಯಲ್ಲೇ ಬಿಟ್ಟಿತು. ಸುತ್ತಲಿನ ಸೀಮೆಯೆಲ್ಲ ಎಡಕ್ಕೆ ಹೋಗುವಾಗ ಗಡಿಯಲ್ಲಿ ಬದಿ ಬದಲಿಸುವುದು ಹೇಗೆ? ಹಾಗಾಗಿ 1961ರಲ್ಲಿ ಗೋವೆ ಭಾರತಕ್ಕೆ ಸೇರಿದಾಗ ದೊರೆತನ ಬದಲಾಯಿತು, ರಸ್ತೆಯ ಬದಿ ಬದಲಾಗಲಿಲ್ಲ. ನಮ್ಮಲ್ಲೂ ಹಾಗೆಯೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕಚೇರಿ ಬದಲಾಯಿತು, ಕಾಗದಪತ್ರದ ಭಾಷೆ ಬದಲಾಯಿತು, ಇಂದು ತಲಪಾಡಿಯ ಆಚೆ ಕೆಎ 19, ಈಚೆ ಕೆಎಲ್ 14. ಮಂಗಳೂರಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರನ ಸೀಟಿ, ಕೇರಳದ ಬಸ್ಸಿನಲ್ಲಿ ಹಗ್ಗದ ಬೆಲ್ಲು. ಡ್ರೈವರನ ಕೈ ಮಾತ್ರ ಎರಡು ಕಡೆಯೂ ಒಂದೇ ಭಾಷೆ ಆಡುತ್ತಿತ್ತು.

ಇನ್ನು ಸೈಕಲಿಗೆ ಬರೋಣ. ಈ ಕಾಯ್ದೆಗಳೆಲ್ಲ ಮೋಟಾರಿನವು. ಸೈಕಲ್ ಮೋಟಾರಲ್ಲ. ಅದಕ್ಕೆ ಸ್ಥಳೀಯ ಆಡಳಿತದ ತೆರಿಗೆ ಇತ್ತು, ಹಿತ್ತಾಳೆಯ ಬಿಲ್ಲೆ ಇತ್ತು, ದೀಪವಿಲ್ಲದೆ ಹೋದರೆ, ಇಬ್ಬರು ಕೂತು ಹೋದರೆ ಪೊಲೀಸರು ಟಯರಿನ ಗಾಳಿ ಬಿಡುವ ಶಿಕ್ಷೆಯೂ ಇತ್ತು. ಕೈ ತೋರಿಸಲಿಲ್ಲವೆಂದು ಗಾಳಿ ಬಿಟ್ಟದ್ದನ್ನು ನಾನಂತೂ ಕಂಡದ್ದಿಲ್ಲ. ಮದ್ರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ಕಂಪೆನಿ ಶುರುವಾದದ್ದು 1949ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ. ಸೈಕಲ್ ಹಳ್ಳಿ ಹಳ್ಳಿಗೆ ಬಂತು. ಸನ್ನೆಯನ್ನು ಸವಾರರು ಬಸ್ಸು ಲಾರಿಗಳವರನ್ನು ನೋಡಿಯೇ ಕಲಿತರು.

ನೋಡಿ ಕಲಿತದ್ದರಿಂದ ಎಡಕ್ಕೆ ತಿರುಗುವುದಕ್ಕೆ ಎರಡು ಪದ್ಧತಿಗಳಾದವು. ಹಳಬರು ಡ್ರೈವರನ ಹಾಗೆ ಬಲಗೈ ಸುತ್ತಿಸುವರು. ಶಾಲೆಯಲ್ಲಿ ಕಲಿತವರು ಎಡಗೈಯನ್ನೇ ಚಾಚುವರು. ಸೈಕಲಿನವನ ಎರಡು ಕೈಗಳೂ ಎಲ್ಲರಿಗೂ ಕಾಣುವುದರಿಂದ ಎಡಗೈ ಚಾಚುವುದೇ ಸರಳ, ಬ್ರಿಟನ್ನಿನಲ್ಲೂ ಸೈಕಲಿನವರಿಗೆ ಕಲಿಸುವುದು ಅದನ್ನೇ. ಆದರೆ ಹಳಬರ ಕ್ರಮವನ್ನು ದಡ್ಡತನವೆಂದು ನಾನು ಹೇಳಲಾರೆ. ನಮ್ಮ ಸೈಕಲುಗಳಲ್ಲಿ ಸಾಮಾನ್ಯವಾಗಿ ಬಲಗೈಯ ಬ್ರೇಕು ಮುಂದಿನ ಚಕ್ರದ್ದು, ಎಡಗೈಯದ್ದು ಹಿಂದಿನದ್ದು. ಬಲಗೈ ಹೊರಗಿದ್ದರೆ ಹಿಂದಿನ ಬ್ರೇಕು ಕೈಯಲ್ಲಿ ಉಳಿಯುತ್ತದೆ. ಎಡಗೈ ಹೊರಗಿದ್ದರೆ ಉಳಿಯುವುದು ಮುಂದಿನದ್ದು ಮಾತ್ರ. ನಮ್ಮ ಗುಡ್ಡದ ಇಳಿಜಾರಿನಲ್ಲಿ ಒಂಟಿ ಕೈಯಲ್ಲಿ ಮುಂದಿನ ಬ್ರೇಕು ಬಿಗಿದರೆ ಸವಾರ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬೀಳುವುದುಂಟು. ಹಾಗಾಗಿ ಯಾವ ಕೈಯಾದರೂ ಸರಿ, ತಿರುವಿಗೆ ಸಾಕಷ್ಟು ಮೊದಲೇ ತೋರಿಸಿ, ತಿರುಗುವ ಹೊತ್ತಿಗೆ ಎರಡು ಕೈಯನ್ನೂ ಹ್ಯಾಂಡಲಿಗೆ ತಂದುಕೊಳ್ಳಬೇಕು.

ಕೈಗೆ ಮೊದಲ ಪೆಟ್ಟು ಯುದ್ಧಕಾಲದಲ್ಲಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರ ಜೀಪು, ಟ್ರಕ್ಕುಗಳು ಬಂದವು, ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ನಮ್ಮವರ ಕೈಸೇರಿದವು. ಅವುಗಳಲ್ಲಿ ಚಾಲಕ ಎಡಕ್ಕೆ ಕೂರುವವನು, ಅವನ ಬಲಗೈ ಹೊರಗೆ ಬರುವಂತಿಲ್ಲ. ಹಿಂದೆ ‘ಲೆಫ್ಟ್ ಹ್ಯಾಂಡ್ ಡ್ರೈವ್, ನೋ ಸಿಗ್ನಲ್’ ಎಂದು ಬರೆಯುತ್ತಿದ್ದರು. ಕೈ ಇಲ್ಲದ ವಾಹನ ಎಂದು ತಾನೇ ಒಪ್ಪಿಕೊಂಡ ಹಾಗೆ. ಕೆಲವು ಕಾರುಗಳ ಬದಿಯಿಂದ ಪುಟ್ಟ ಕೈಯೊಂದು ಹೊರಗೆ ಏಳುವ ವ್ಯವಸ್ಥೆಯೂ ಇತ್ತು, ರೈಲಿನ ಕೈಮರದ ಮರಿಯಂತೆ. ಕೊನೆಗೆ ಬಂದದ್ದು ಮಿಣುಕುವ ದೀಪ, ಅದೇ ಇಂಡಿಕೇಟರ್.

ದೀಪ ರಾತ್ರಿಯೂ ಕಾಣುತ್ತದೆ, ಮಳೆಯಲ್ಲೂ ಕಾಣುತ್ತದೆ. ಅದರ ಉಪಕಾರ ದೊಡ್ಡದು. ಆದರೆ ಕೈಗೆ ಐದು ಮಾತು ಬರುತ್ತಿತ್ತು, ತಿರುವಿನ ದೀಪಕ್ಕೆ ಬರುವುದು ಎರಡೇ. ನಿಲ್ಲುವುದಕ್ಕೂ ತಗ್ಗಿಸುವುದಕ್ಕೂ ಬ್ರೇಕಿನ ಕೆಂಪು ದೀಪ ಆಯಿತು. ‘ದಾಟಿ ಹೋಗು’ ಎಂಬ ಮಾತಿಗೆ ದೀಪವೇ ಇಲ್ಲ. ಲಾರಿಯವರು ಏನು ಮಾಡಿದರು? ಅದಕ್ಕೂ ಬಲದ ಇಂಡಿಕೇಟರನ್ನೇ ಹಾಕತೊಡಗಿದರು. ಮುಂದಿನ ಲಾರಿಯ ಬಲದೀಪ ಮಿಣುಕಿದರೆ ‘ನಾನು ಬಲಕ್ಕೆ ತಿರುಗುತ್ತೇನೆ’ ಎಂದೋ ‘ಬಲದಿಂದ ದಾಟಿ ಹೋಗು’ ಎಂದೋ ಊಹಿಸಿಕೊಳ್ಳಬೇಕು. ಒಂದಕ್ಕೊಂದು ವಿರುದ್ಧವಾದ ಮಾತುಗಳು. ಬ್ಯಾಂಕಿನಲ್ಲಿ ಜಮೆಯ ಚೀಟಿಗೂ ಖರ್ಚಿನ ಚೀಟಿಗೂ ಒಂದೇ ಬಣ್ಣ ಮಾಡಿದ್ದರೆ ಸಂಜೆ ಲೆಕ್ಕ ಕೂಡುತ್ತಿತ್ತೇ? ಅಲ್ಲಿ ತಪ್ಪಿದರೆ ರಾತ್ರಿ ಎಂಟರವರೆಗೆ ಕೂತು ಹುಡುಕಬಹುದು. ರಸ್ತೆಯಲ್ಲಿ ಹಾಗಲ್ಲ. ಕೈಯಾಗಿದ್ದರೆ ಚಾಚಿ ಹಿಡಿದದ್ದು ಒಂದು, ಬೀಸಿದ್ದು ಇನ್ನೊಂದು, ಸಂಶಯಕ್ಕೆ ಎಡೆಯಿರಲಿಲ್ಲ.

1989ರ ಆ ರಸ್ತೆ ನಿಯಮಾವಳಿಯ ಜಾಗಕ್ಕೆ 2017ರಲ್ಲಿ ಹೊಸ ನಿಯಮಾವಳಿ ಬಂದಿದೆ. 2019ರ ತಿದ್ದುಪಡಿಯಲ್ಲಿ, ಮೋಟಾರಿಲ್ಲದ ವಾಹನಗಳಿಗೂ ಕಾಲ್ನಡಿಗೆಯವರಿಗೂ ರಸ್ತೆಯ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದ್ದಾರೆ. ಸೈಕಲಿನ ಮಟ್ಟಿಗೆ ಇದು ದೊಡ್ಡ ಮಾತು.

ಈಗ ನಮ್ಮ ಹೆದ್ದಾರಿಯನ್ನೇ ನೋಡಿ. ಹಳೆಯ 17, ಈಗಿನ 66. ಕೇರಳದಲ್ಲಿ ಅದನ್ನು ಆರು ಪಥಕ್ಕೆ ಅಗಲಿಸುವ ಯೋಜನೆ ತಲಪಾಡಿಯಿಂದಲೇ ಶುರು. ಅದರ ಬದಿಯಲ್ಲಿ ಇಂದಿಗೂ ಸೈಕಲ್ ತುಳಿಯುವವರು ಪೇಪರು ಹಾಕುವ ಹುಡುಗರು, ಉತ್ತರದ ರಾಜ್ಯಗಳಿಂದ ಕೆಲಸಕ್ಕೆ ಬಂದವರು, ಶಾಲೆಯ ಮಕ್ಕಳು. ತಾಳವಾಡಿ, ಹೊಸೂರಿನ ಕಡೆ ಹನ್ನೊಂದನೇ ತರಗತಿಯವರಿಗೆ ತಮಿಳುನಾಡು ಸರಕಾರ ಸೈಕಲ್ ಕೊಟ್ಟಿತು, ಕರ್ನಾಟಕ 2006-07ರಿಂದ ಕೆಲವು ವರ್ಷ ಎಂಟನೇ ತರಗತಿಯವರಿಗೆ ಕೊಟ್ಟಿತು. ಆ ಮಕ್ಕಳ ಸೈಕಲಿಗೆ ಇಂಡಿಕೇಟರ್ ಇಲ್ಲ, ಇರುವುದು ಕೈ ಮಾತ್ರ. ಹಿಂದೆ ಬರುವ ಕಾರಿನ ಯುವಕ ಲೈಸನ್ಸಿಗೆಂದು ಆ ಸನ್ನೆ ಬಾಯಿಪಾಠ ಮಾಡಿದವನು, ತನ್ನ ಕೈಯನ್ನು ಒಮ್ಮೆಯೂ ಹೊರಗೆ ಹಾಕದವನು. ಮಗು ಬಲಗೈಯನ್ನು ಸುತ್ತಿಸಿದರೆ ‘ದಾಟಿ ಹೋಗಿ’ ಎಂದದ್ದೆಂದು ಅವನಿಗೆ ಅನಿಸಬಹುದು. ಆದ್ದರಿಂದ ಇಂದಿನ ರಸ್ತೆಯಲ್ಲಿ ಮಕ್ಕಳಿಗೆ ಎಡಕ್ಕೆ ಎಡಗೈ, ಬಲಕ್ಕೆ ಬಲಗೈ ಎಂದೇ ಕಲಿಸಬೇಕೆಂದು ನನ್ನ ಅಭಿಪ್ರಾಯ. ಬ್ರೇಕಿನ ವಿಚಾರ ಆಗಲೇ ಹೇಳಿದ್ದೇನೆ. ಮೊದಲು ಹಿಂದೆ ತಿರುಗಿ ನೋಡಿ, ಆಮೇಲೆ ಕೈ ಚಾಚಿ, ಹಿಂದಿನವನು ವೇಗ ತಗ್ಗಿಸಿದ್ದು ಕಂಡ ಮೇಲೆಯೇ ತಿರುಗುವುದು.

ಆಟಿಯ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿದು ಹೋಗುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರಿಗೆ ಸನ್ನೆಗೆ ಮೂರನೇ ಕೈ ಎಲ್ಲಿಂದ ಬರಬೇಕು? ಕೈಕಂಬದಂಥ ಕೂಡುರಸ್ತೆಯಲ್ಲಿ ಇಳಿದು, ತಳ್ಳಿಕೊಂಡು ದಾಟುವುದೇ ಅವರಿಗೆ ಕ್ರಮ.