ಒಂದು ಲೋಟ ಪಾನಕದ ಇತಿಹಾಸ

ಚೈತ್ರ ಶುದ್ಧ ನವಮಿಯ ದಿನ ನಮ್ಮ ಊರುಗಳ ರಾಮಮಂದಿರಗಳ ಮುಂದೆ ಹೋದವರಿಗೆಲ್ಲ ಪಾನಕ, ನೀರುಮಜ್ಜಿಗೆ, ಕೋಸಂಬರಿ ಸಿಗುತ್ತವೆ. ನೀವೂ ಸವಿದಿರುತ್ತೀರಿ. ಆದರೆ ರಾಮ ಹುಟ್ಟಿದ ದಿನಕ್ಕೆ ಪಾನಕವೇ ಏಕೆ ಎಂದು ಎಂದಾದರೂ ಕೇಳಿದ್ದೀರಾ?

ಮೊದಲು ಪುರಾಣವನ್ನೇ ಕೇಳೋಣ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ದಶರಥನ ಯಜ್ಞಕುಂಡದಿಂದ ಎದ್ದುಬಂದ ದಿವ್ಯಪುರುಷನ ಕೈಯಲ್ಲಿದ್ದುದು ಪಾಯಸದ ಪಾತ್ರೆ. ರಾಣಿಯರು ಹಂಚಿಕೊಂಡದ್ದೂ ಪಾಯಸವನ್ನೇ. ಕಥೆಯನ್ನಷ್ಟೇ ಅನುಸರಿಸುವುದಾದರೆ ಆ ದಿನ ಪಾಯಸ ಹಂಚಬೇಕಿತ್ತು. ಈಗ ಪಂಚಾಂಗ ತೆರೆಯಿರಿ. ನವಮಿ ಬರುವುದು ಮಾರ್ಚ್ ಕೊನೆಗೆ ಅಥವಾ ಏಪ್ರಿಲ್‌ನಲ್ಲಿ, ಬಿಸಿಲು ಏರುವ ಹೊತ್ತಿಗೆ. ಬೆವರಿದ ದೇಹ ನೀರನ್ನು ಬೇಡುತ್ತದೆ, ಬೆಲ್ಲದ ನೀರು ದಾಹದ ಜೊತೆಗೆ ಆಯಾಸವನ್ನೂ ನೀಗಿಸುತ್ತದೆ. ದಾರಿಹೋಕರಿಗಾಗಿ ಅರವಟ್ಟಿಗೆ ಇಡುವ ನಮ್ಮ ಹಳೆಯ ಪದ್ಧತಿಯೂ ಇದೇ ಬಿಸಿಲಿನದು. ಹಬ್ಬಕ್ಕೆ ಹೆಸರು ಕೊಟ್ಟದ್ದು ಕಥೆ; ಹಬ್ಬದ ಲೋಟವನ್ನು ತುಂಬಿದ್ದು ಋತು ಎಂದೇ ತೋರುತ್ತದೆ.

ಪಾನಕ ಎಷ್ಟು ಹಳೆಯದು? ಇದಕ್ಕೆ ಪುಸ್ತಕಗಳ ಸಾಕ್ಷಿ ಬೇಕು. ಅಡಿಗೆಯ ಬಗ್ಗೆ ಬರೆದಿಡುವುದರಲ್ಲಿ ಕನ್ನಡ ನಾಡು ಹಿಂದೆ ಬಿದ್ದಿಲ್ಲ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಅಡಿಗೆಯ ಭಾಗವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಊಟಕ್ಕೂ ಪಾನೀಯಕ್ಕೂ ಜಾಗವಿದೆ. 16ನೇ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಂತೂ ಪಾನಕಕ್ಕೇ ಒಂದು ಅಧ್ಯಾಯ ಮೀಸಲು. ಮಂಗರಸ ಜೈನ ಕವಿ ಎಂಬುದನ್ನು ಗಮನಿಸಿ. ಆ ಕಾಲಕ್ಕಾಗಲೇ ಪಾನಕ ಯಾವುದೇ ಒಂದು ಹಬ್ಬದ, ಒಂದು ಮತದ ಸೊತ್ತಾಗಿರಲಿಲ್ಲ.

ಇನ್ನೊಂದು ಸಾಕ್ಷಿ ಲೋಟದೊಳಗೇ ಇದೆ. ಮನೆಯ ಪಾನಕಕ್ಕೆ ಒಂದು ಲೀಟರ್ ನೀರು, ಸುಮಾರು 150 ಗ್ರಾಂ ಬೆಲ್ಲ, ಒಂದು ನಿಂಬೆಹಣ್ಣು, ನಾಲ್ಕು ಏಲಕ್ಕಿ, ಚಿಟಿಕೆ ಶುಂಠಿ ಪುಡಿ, ಅರ್ಧ ಚಮಚ ಮೆಣಸಿನ ಪುಡಿ ಸಾಕು. ಬೆಲ್ಲ ಕರಗಿದ ಮೇಲೆ ಸೋಸಬೇಕು, ಕುದಿಸುವ ಕೆಲಸವಿಲ್ಲ. ಇದರಲ್ಲಿ ಖಾರ ಕೊಡುವುದು ಪಶ್ಚಿಮ ಘಟ್ಟದ ಮೆಣಸು. ಪಕ್ಕದ ದೊನ್ನೆಯಲ್ಲಿರುವ ಕೋಸಂಬರಿಗೆ ಖಾರ ಕೊಡುವುದು ಹಸಿಮೆಣಸಿನಕಾಯಿ. ಅದು ಅಮೆರಿಕ ಖಂಡದ ಗಿಡ. 1492ರಲ್ಲಿ ಕೊಲಂಬಸ್ ಅತ್ತ ಹೋದ ಮೇಲೆ, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ನಮ್ಮ ಕರಾವಳಿ ಮುಟ್ಟಿತು. ಹೊಸಬ ಹಳಬನ ಹೆಸರನ್ನೇ ಪಡೆದು ‘ಮೆಣಸಿನಕಾಯಿ’ ಆದ. ಮೂಲದ ಮೆಣಸು ತನ್ನನ್ನು ಗುರುತಿಸಿಕೊಳ್ಳಲು ‘ಕಾಳುಮೆಣಸು’, ‘ಒಳ್ಳೆಮೆಣಸು’ ಎನ್ನಿಸಿಕೊಳ್ಳಬೇಕಾಯಿತು. ಒಂದೇ ಹಬ್ಬದ ಎರಡು ತಿನಿಸುಗಳಲ್ಲಿ ಎರಡು ಕಾಲಗಳು ಅಕ್ಕಪಕ್ಕ ಕೂತಿವೆ. ಟೆಲಿವಿಷನ್ ಕ್ಯಾಮೆರಾಕ್ಕೆ ದೊನ್ನೆ ಕಾಣುತ್ತದೆ, ಈ ಕಾಲ ಕಾಣುವುದಿಲ್ಲ. ಅದನ್ನು ನಾವೇ ಹುಡುಕಬೇಕು.

ಇನ್ನು ಮೊಹರಂಗೆ ಬನ್ನಿ. ರಾಯಚೂರು ಜಿಲ್ಲೆಯ ಮುದಗಲ್ ಮೊದಲಾದ ಕಡೆ ಈ ಆಚರಣೆಯಲ್ಲಿ ಹಿಂದೂ ಮುಸ್ಲಿಮರು ಕೂಡಿ ಭಾಗವಹಿಸುತ್ತಾರೆ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರಿಗೂ ಅವರ ಸಂಗಡಿಗರಿಗೂ ಯೂಫ್ರೆಟಿಸ್ ನದಿಯ ನೀರನ್ನು ತಡೆಯಲಾಯಿತು. ಆ ದಾಹದ ನೆನಪಿಗೆ ಜನ ಶರಬತ್ತು ಹಂಚುತ್ತಾರೆ; ನಮ್ಮ ಹಳ್ಳಿಗಳಲ್ಲಿ ಅದೂ ಪಾನಕವೇ. ಒಂದು ಕಡೆ ಜನನದ ಸಂಭ್ರಮ, ಇನ್ನೊಂದು ಕಡೆ ಮರಣದ ಶೋಕ. ಕಥೆಗಳು ಬೇರೆ, ಕೈಗೆ ಬರುವ ಲೋಟ ಒಂದೇ ಬಗೆಯದು.

ಸಿಹಿ, ಹುಳಿ, ನೀರು ಬೆರೆಸುವ ಈ ಕ್ರಮಕ್ಕೆ ಮದ್ಯ ಸೇರಿದರೆ ಏನಾಗುತ್ತದೆ? ಪಾಶ್ಚಾತ್ಯರ ಹಳೆಯ ಕಾಕ್‌ಟೇಲ್‌ಗಳ ಪೂರ್ವಜ ಎನ್ನಿಸಿಕೊಂಡ ‘ಪಂಚ್’ ಆಗುತ್ತದೆ. 1632ರಲ್ಲಿ ಭಾರತದಲ್ಲಿದ್ದ ಇಂಗ್ಲಿಷರು ಬರೆದ ಪತ್ರವೊಂದರಲ್ಲಿ ಈ ಹೆಸರು ಕಾಣಿಸುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜಾನ್ ಫ್ರಯರ್ 1670ರ ದಶಕದಲ್ಲಿ ಪಶ್ಚಿಮ ಕರಾವಳಿಯಲ್ಲಿ ಓಡಾಡಿದವನು, ಕಾರವಾರ ಗೋಕರ್ಣಗಳನ್ನೂ ಕಂಡವನು. ಐದು ಪದಾರ್ಥ ಸೇರುವುದರಿಂದ ‘ಪಂಚ’ ಎಂಬ ಅರ್ಥದಲ್ಲಿ ಈ ಹೆಸರು ಬಂತು ಎಂದು 1698ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅವನು ಹೇಳಿದ್ದಾನೆ.

ಕೇಳಲು ಇಂಪಾದ ಮಾತು. ‘ಹಾಗಾದರೆ ಪಂಚ್ ನಮ್ಮ ಪಾನಕದ ಮಗು’ ಎಂದು ಎದೆ ತಟ್ಟಿಕೊಳ್ಳುವ ಆಸೆ ಹುಟ್ಟುತ್ತದೆ. ಸ್ವಲ್ಪ ನಿಲ್ಲಿ. 1694ರ ಮುಂಬಯಿ ಸರ್ಕಾರದ ಆದೇಶವೊಂದರ ಪ್ರಕಾರ, ಖಾನಾವಳಿಗೆ ಪಂಚ್ ಕುಡಿಯಲು ಬಂದವನು ಒಂದು ಕ್ವಾರ್ಟ್ ಗೋವಾ ಅರಾಕ್, ಅರ್ಧ ಪೌಂಡ್ ಸಕ್ಕರೆ, ಅರ್ಧ ಪೈಂಟ್ ನಿಂಬೆರಸ ಕೇಳಿ ಪಡೆದು ತಾನೇ ಬೆರೆಸಿಕೊಳ್ಳಬಹುದಿತ್ತು. ನೀರನ್ನು ಸೇರಿಸಿಕೊಂಡರೂ ಲೆಕ್ಕ ನಾಲ್ಕಕ್ಕೇ ನಿಲ್ಲುತ್ತದೆ! ಇಂಗ್ಲಿಷಿನಲ್ಲಿ ಪೀಪಾಯಿಗೆ ಇದ್ದ ‘ಪಂಚನ್’ ಎಂಬ ಪದದಿಂದ ಈ ಹೆಸರು ಬಂದಿರಬಹುದು ಎನ್ನುವ ವಿದ್ವಾಂಸರೂ ಇದ್ದಾರೆ. ಪಾನಕಕ್ಕೂ ಪಂಚ್‌ಗೂ ಹೋಲಿಕೆ ಇದೆ ನಿಜ. ಬಿಸಿಲಿನ ನಾಡಿನಲ್ಲಿ ನಿಂಬೆ, ಸಕ್ಕರೆ, ನೀರು ಎದುರಿಗಿದ್ದಾಗ ಯಾರಾದರೂ ಬೆರೆಸಿಯಾರು. ವಿಜ್ಞಾನದ ತರಗತಿಯಲ್ಲಿ ಕಲಿತ ಪಾಠ ಇಲ್ಲಿಯೂ ಸಲ್ಲುತ್ತದೆ: ಹೋಲಿಕೆ ಸುಳಿವು ಮಾತ್ರ, ಪುರಾವೆಯಲ್ಲ.

ಆದರೆ ಒಂದು ವ್ಯತ್ಯಾಸ ಮಾತ್ರ ಸ್ಪಷ್ಟ. ಮುಂಬಯಿಯ ಪಂಚ್‌ಗೆ ಅಳತೆಯಿತ್ತು, ಅದನ್ನು ಕೊಡಲು ಅಂಗಡಿಯಿತ್ತು. ಅರವಟ್ಟಿಗೆಯ ಪಾನಕಕ್ಕೆ ಬೆಲೆಯಿಲ್ಲ, ನೀನು ಯಾರು ಎಂಬ ಪ್ರಶ್ನೆಯೂ ಇಲ್ಲ. ಪಾನಕ ಯಾರದು ಎಂದು ಜಗಳವಾಡುವವರಿಗೆ ಆ ಸೌಟು ಹಿಡಿದವರೇ ಉತ್ತರ.

ಈಗ ನಿಮಗೊಂದು ಕೆಲಸ. ನಿಮ್ಮ ಮನೆಯ, ನೆರೆಮನೆಯ ಹಿರಿಯರಲ್ಲಿ ಹಬ್ಬದ ಒಂದು ಪಾನೀಯದ ವಿಧಾನ ಕೇಳಿ ಬರೆದುಕೊಳ್ಳಿ. ಕೆಲವರು ಬೇಲದ ಹಣ್ಣಿನದು ಹೇಳಿಯಾರು, ಕೆಲವರು ಕರಬೂಜದ್ದು. ಪ್ರತಿ ಪದಾರ್ಥದ ಮುಂದೆ ಅದು ಎಲ್ಲಿಯ ಗಿಡ, ಎಂದು ಬಂತು ಎಂದು ಹುಡುಕಿ ಗುರುತು ಹಾಕಿ. ಅವರು ಹೇಳುವ ಕಥೆಯನ್ನೂ ತಪ್ಪದೆ ಬರೆಯಿರಿ, ಆದರೆ ಬೇರೆ ಹಾಳೆಯಲ್ಲಿ. ಎರಡೂ ಹಾಳೆಗಳನ್ನು ಜೋಪಾನವಾಗಿಡಿ.