ತಾತನ ಟವೆಲ್ಲು ಮತ್ತು ಕಾಂಗ್ರೆಸ್ ಗಿಡ

ಇಲ್ಲಿ ಬರೆಯದೆ ತಿಂಗಳುಗಳೇ ಆಗಿಹೋದವು. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್. ಮೊನ್ನೆ ಶನಿವಾರ ಅಮ್ಮನ ಜೊತೆ ಅಟ್ಟ ಕ್ಲೀನ್ ಮಾಡುತ್ತಿದ್ದಾಗ ಟ್ರಂಕಿನಲ್ಲಿ ತಾತನ ಒಂದು ಫೋಟೋ ಸಿಕ್ಕಿತು. ಸುಡುಬಿಸಿಲಿನಲ್ಲಿ ತೆಗೆದದ್ದು. ಆದರೂ ತಾತ ತುಂಬುತೋಳಿನ ಅಂಗಿ ಹಾಕಿ, ಕುತ್ತಿಗೆ ಪೂರ್ತಿ ಮುಚ್ಚುವ ಹಾಗೆ ಟವೆಲ್ ಸುತ್ತಿಕೊಂಡು ನಿಂತಿದ್ದಾರೆ.

"ಇದೇನಮ್ಮ, ತಾತಂಗೆ ಸೆಕೆ ಆಗ್ತಿರ್ಲಿಲ್ವಾ?" ಅಂದೆ.

"ಸೆಕೆಯೇ ವಾಸಿ ಅನ್ನೋ ಹಾಗಾಗಿತ್ತು ಕಣೋ ಅವರಿಗೆ" ಅಂತ ಅಮ್ಮ ಕಥೆ ಶುರು ಮಾಡಿದರು. ಅದನ್ನು ಕೇಳಿದ ಮೇಲೆ ಎರಡು ವಾರ ಸಿಕ್ಕಿದ್ದೆಲ್ಲ ಓದಿದೆ. ಓದಿದಷ್ಟೂ ಬೇಜಾರಾಯಿತು. ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ.

ಈಗ ಹೊಸಹಳ್ಳಿ ಅಂದರೆ ಜನಕ್ಕೆ ನೆನಪಾಗುವುದು ಮೆಟ್ರೋ ಸ್ಟೇಷನ್ನು. ಅದು ಶುರುವಾಗಿದ್ದು 2015ರ ನವೆಂಬರಿನಲ್ಲಿ. ಅಮ್ಮ ಹೇಳುವ ಹೊಸಹಳ್ಳಿಯೇ ಬೇರೆ. ಮಾಗಡಿ ಕಡೆಯಿಂದ ಬಂದ ತಾತ ಇಲ್ಲಿ ಎರಡು ಹಸು ಕಟ್ಟಿಕೊಂಡು ಹತ್ತಿಪ್ಪತ್ತು ಮನೆಗಳಿಗೆ ವರ್ತನೆ ಹಾಲು ಹಾಕುತ್ತಿದ್ದರಂತೆ. ವಿಜಯನಗರದ ಸುತ್ತಮುತ್ತ ಆಗಿನ್ನೂ ಬೇಕಾದಷ್ಟು ಖಾಲಿ ಸೈಟುಗಳು. ಬೆಳಗಾಗುತ್ತಲೇ ಕುಡುಗೋಲು ಹಿಡಿದು ಆ ಸೈಟುಗಳಿಂದ ಹುಲ್ಲು ಕುಯ್ದು ತರುವುದು ತಾತನ ಕೆಲಸ. ಆದರೆ ಹುಲ್ಲಿಗಿಂತ ಜಾಸ್ತಿ ಬೆಳೆದಿರುತ್ತಿದ್ದದ್ದು ಇನ್ನೊಂದು ಗಿಡ. ಕ್ಯಾರೆಟ್ ಸೊಪ್ಪಿನಂಥ ಎಲೆ, ಸಾಬೂದಾನಿ ಅಂಟಿಸಿದ ಹಾಗೆ ಪುಟ್ಟ ಬಿಳಿ ಹೂವು. ಹೌದು, ನೀವೆಲ್ಲ ನೋಡಿರುವ ಪಾರ್ಥೇನಿಯಂ. ನಮ್ಮ ಕಡೆ ಕಾಂಗ್ರೆಸ್ ಗಿಡ.

1986ರ ಸುಮಾರಿಗೆ ತಾತನಿಗೆ ಮೊದಲು ಕಣ್ಣಿನ ರೆಪ್ಪೆ ಊದಿಕೊಂಡಿತು. ಆಮೇಲೆ ಕುತ್ತಿಗೆ ಮಡಿಕೆ, ಮೊಣಕೈ ಸಂದು. ತುರಿಕೆ ಅಂದರೆ ನಿದ್ದೆ ಬಾರದಂಥ ತುರಿಕೆ. ಚರ್ಮ ದಪ್ಪಗಾಗಿ, ಕಪ್ಪಾಗಿ, ಬಿರಿದು ನೀರು ಸೋರುತ್ತಿತ್ತಂತೆ. ಬಿಸಿಲಿಗೆ ಹೋದರೆ ಇನ್ನೂ ಜಾಸ್ತಿ. ಒಬ್ಬ ಡಾಕ್ಟರು ಹುಳುಕಡ್ಡಿ ಅಂತ ಮುಲಾಮು ಕೊಟ್ಟರು. ಇನ್ನೊಬ್ಬರು ರಕ್ತ ಕೆಟ್ಟಿದೆ ಅಂದರು. ಅಜ್ಜಿ ಬೇವಿನ ಸೊಪ್ಪು ಅರೆದು ಹಚ್ಚಿದರು. ಹರಕೆ ಕಟ್ಟಿದ್ದೂ ಆಯಿತು. ಅಷ್ಟರಲ್ಲಿ ವರ್ತನೆ ಮನೆಗಳು ಒಂದೊಂದೇ ಬಿಟ್ಟುಹೋದವು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. "ನಾಳೆಯಿಂದ ಡೈರಿ ಪ್ಯಾಕೆಟ್ ತಗೋತೀವಿ" ಅಷ್ಟೆ. ಅಂಟುರೋಗ ಇರಬಹುದು ಅನ್ನುವ ಭಯ. ವರ್ಷ ಕಳೆಯುವುದರಲ್ಲಿ ಒಂದು ಹಸು ಮಾರಿದರು.

ಕೊನೆಗೆ ಉತ್ತರ ಕೊಟ್ಟದ್ದು ಯಾವ ಡಾಕ್ಟರೂ ಅಲ್ಲ. ಕಂಟ್ರಾಕ್ಟರ್ ಕೈಕೆಳಗೆ ಸೈಟು ಕ್ಲೀನ್ ಮಾಡಲು ಬರುತ್ತಿದ್ದ ಒಬ್ಬ ಹೆಂಗಸು. ತಾತನ ಕುತ್ತಿಗೆ ನೋಡಿ, "ಯಜಮಾನ್ರೇ, ನಂಗೂ ಹಿಂಗೇ ಆಗಿತ್ತು. ಆ ಗಿಡ ಮುಟ್ಬ್ಯಾಡಿ, ಅದು ಒಣಗಿರೋ ಕಡೀಕೂ ಹೋಗ್ಬ್ಯಾಡಿ" ಅಂದಳಂತೆ. ತಾತ ಹುಲ್ಲು ಕುಯ್ಯುವುದು ಬಿಟ್ಟರು. ಇನ್ನೊಂದು ಹಸುವೂ ಹೋಯಿತು. ಪೂರ್ತಿ ವಾಸಿಯಾಗಲಿಲ್ಲ, ಆದರೆ ನಿದ್ದೆ ಬಂತು. ಟವೆಲ್ಲು ಮಾತ್ರ ಕೊನೆಯವರೆಗೂ ಇತ್ತು.

ಇಷ್ಟು ಅಮ್ಮನ ಕಥೆ. ಇನ್ನು ನಾನು ಓದಿದ್ದು.

ಪಾರ್ಥೇನಿಯಂ ಮೂಲತಃ ಮೆಕ್ಸಿಕೋ, ವೆಸ್ಟ್ ಇಂಡೀಸ್ ಕಡೆಯದು. ನಮ್ಮ ದೇಶದಲ್ಲಿ ಇದು ಸಸ್ಯವಿಜ್ಞಾನಿಗಳ ಕಣ್ಣಿಗೆ ದೊಡ್ಡದಾಗಿ ಬಿದ್ದದ್ದು 1955-56ರಲ್ಲಿ, ಪುಣೆಯಲ್ಲಿ. ಪಿ.ಎಲ್. 480 ಯೋಜನೆಯಲ್ಲಿ ಅಮೆರಿಕದಿಂದ ಬಂದ ಗೋಧಿಯ ಜೊತೆ ಬೀಜ ಬಂತು ಅನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಭಾರತದ ಜೊತೆ ಆ ಒಪ್ಪಂದಕ್ಕೆ ಸಹಿ ಬಿದ್ದದ್ದೇ 1956ರ ಆಗಸ್ಟ್‌ನಲ್ಲಿ! ಮೇಲಾಗಿ 19ನೇ ಶತಮಾನದಲ್ಲೇ ಇಲ್ಲಿ ಸಂಗ್ರಹಿಸಿದ ಈ ಗಿಡದ ಒಣ ಮಾದರಿಗಳೂ ಇವೆ. ಗೋಧಿಯ ಜೊತೆ ಇನ್ನಷ್ಟು ಬಂದಿರಬಹುದು, ಆದರೆ ಮೊದಲು ಬಂದದ್ದು ಅದರಲ್ಲೇ ಅಂತ ಹೇಳುವುದು ಕಷ್ಟ. ಹೆಸರಿಗೂ ಎರಡು ಕಥೆ ಇವೆ. ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಬಂದದ್ದಕ್ಕೆ ಅಂತ ಕೆಲವರು, ಬಿಳಿ ಹೂವು ಗಾಂಧಿ ಟೋಪಿಯ ಹಾಗಿದೆ ಅಂತ ಕೆಲವರು. ಒಂದು ಗಿಡ 15ರಿಂದ 25 ಸಾವಿರ ಬೀಜ ಬಿಡಬಲ್ಲದು. ಹೆಚ್ಚುಕಡಿಮೆ ಯಾವ ದನವೂ ಇಷ್ಟಪಟ್ಟು ತಿನ್ನುವುದಿಲ್ಲ, ತಿಂದರೆ ಹಾಲು ಕಹಿ. ಖಾಲಿ ಸೈಟುಗಳ ಬೆಂಗಳೂರು ಇದಕ್ಕೆ ಹೇಳಿ ಮಾಡಿಸಿದ ಜಾಗ.

ಇದರಲ್ಲಿ ಪಾರ್ಥೆನಿನ್ ಅನ್ನುವ ಒಂದು ರಾಸಾಯನಿಕ ಇದೆ. ಎಲೆ, ಕಾಂಡದ ಸಣ್ಣ ರೋಮಗಳಲ್ಲೂ ಇರುತ್ತದೆ. ಗಿಡ ಒಣಗಿ ಪುಡಿಯಾದರೆ ಗಾಳಿಯಲ್ಲಿ ಹಾರಿ ಬಂದು ಬೆವರಿರುವ ಮಡಿಕೆಗಳಲ್ಲಿ ಕೂರುತ್ತದೆ. ಹಾಗಾಗಿಯೇ ರೆಪ್ಪೆ, ಕುತ್ತಿಗೆ, ಮೊಣಕೈ ಸಂದು. ತಾತನ ಮೈಮೇಲೆ ಆ ರೋಗ ತನ್ನ ವಿಳಾಸ ಬರೆದಿಟ್ಟಿತ್ತು, ಓದುವವರು ಇರಲಿಲ್ಲ. ಇದು ಅಂಟುರೋಗ ಅಲ್ಲವೇ ಅಲ್ಲ. ಅಲರ್ಜಿ. ಮೈಯನ್ನು ಕಾಪಾಡಬೇಕಾದ ವ್ಯವಸ್ಥೆಯೇ ಯಾವುದೋ ಒಂದು ವಸ್ತುವನ್ನು ಶತ್ರು ಅಂತ ತಪ್ಪು ತಿಳಿದು ಮಾಡುವ ರಂಪ. 'ಅಲರ್ಜಿ' ಅನ್ನುವ ಪದವನ್ನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಹುಟ್ಟುಹಾಕಿದ್ದು 1906ರಲ್ಲಿ.

ಈಗ ನನಗೆ ಬೇಜಾರಾದ ವಿಷಯಕ್ಕೆ ಬರುತ್ತೇನೆ. ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ ಇದೆಯಲ್ಲ, ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ಜೀವರಸಾಯನ ವಿಭಾಗದ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು ಪಾರ್ಥೇನಿಯಂ ಸೋಂಕಿದವರ ಮೇಲೆ ಮಾಡಿದ ಅಧ್ಯಯನ ಪ್ರಕಟವಾದದ್ದು 1977ರಲ್ಲಿ. ಅದಕ್ಕೂ ಮೊದಲೇ, 1975ರಲ್ಲಿ, ರಾಜ್ಯ ಸರ್ಕಾರ 1968ರ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆಯ ಕೆಳಗೆ ಈ ಗಿಡವನ್ನು ಅಪಾಯಕಾರಿ ಕಳೆ ಅಂತ ಘೋಷಿಸಿತ್ತು. ಅಂದರೆ ತಾತ ಹುಳುಕಡ್ಡಿ ಮುಲಾಮು ಹಚ್ಚಿಕೊಂಡು ಕೂತಿದ್ದಾಗ ಕಾನೂನಿಗೆ ಹನ್ನೊಂದು ವರ್ಷ, ಅಧ್ಯಯನಕ್ಕೆ ಒಂಬತ್ತು ವರ್ಷ ವಯಸ್ಸಾಗಿತ್ತು. ಟಾಟಾ ಇನ್‌ಸ್ಟಿಟ್ಯೂಟಿಗೂ ನಮ್ಮ ಮನೆಗೂ ಇರುವ ದೂರ ಎಂಟು ಕಿಲೋಮೀಟರ್ ಇರಬಹುದು. ಆ ವಿಷಯ ಆ ಎಂಟು ಕಿಲೋಮೀಟರ್ ನಡೆದು ಬರಲಿಲ್ಲ.

ಗಿಡದ ಮೇಲೆ ಯುದ್ಧವೂ ಇಲ್ಲಿಂದಲೇ ಶುರುವಾಗಿತ್ತು. ಮೆಕ್ಸಿಕೋದಿಂದ ಒಂದು ಜೀರುಂಡೆಯನ್ನು 1983ರಲ್ಲಿ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆ.ಪಿ. ಜಯಂತ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಹುಳದ ಹೆಸರು ಜೈಗೋಗ್ರಾಮಾ. ತಿಳಿಬಣ್ಣದ ಬೆನ್ನಿನ ಮೇಲೆ ಕಂದು ಗೆರೆ. 1991ರಲ್ಲಿ ಇದು ಸೂರ್ಯಕಾಂತಿ ಎಲೆ ತಿನ್ನುತ್ತಿದೆ ಅಂತ ದೊಡ್ಡ ಗಲಾಟೆಯಾಗಿ ಕಮಿಟಿಯೂ ಕೂತಿತು. ಮಳೆಗಾಲದಲ್ಲಿ ಎಲೆಗಳನ್ನು ಜಾಲರಿ ಮಾಡಿಬಿಡುತ್ತದೆ, ಮಳೆ ಹೋದರೆ ಮಣ್ಣಿನೊಳಗೆ ನಿದ್ದೆ. ಹುಳ ಮಲಗಿದಾಗಲೂ ಗಿಡ ಮಲಗುವುದಿಲ್ಲ, ಹಾಗಾಗಿ ಗಿಡ ಇನ್ನೂ ಇದೆ. ಫೋಟೋ ನೋಡಿದ ಕೂಡಲೇ ಗುರುತು ಹಿಡಿದೆ: ಇದೇ ಹುಳವನ್ನು ನಾನು ಚಿಕ್ಕವನಿದ್ದಾಗ ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದೆ! ನನ್ನ ತಾತನ ಪರವಾಗಿ ಹೋರಾಡಲು ಬಂದ ಸೈನಿಕನನ್ನು ಜೈಲಿಗೆ ಹಾಕಿದ್ದೆ :)

ಎರಡು ವರ್ಷದ ಹಿಂದೆ ಬಿಡದೆ ಸೀನು, ಮೂಗು ಸೋರಿಕೆ ಅಂತ ಡಾಕ್ಟರ ಹತ್ತಿರ ಹೋದಾಗ ನನ್ನ ಕೈ ಮೇಲೆ ಸೂಜಿ ಚುಚ್ಚಿ ಟೆಸ್ಟ್ ಮಾಡಿದರು. ಪಾರ್ಥೇನಿಯಂ ಪರಾಗದ ಜಾಗ ಹದಿನೈದು ನಿಮಿಷದಲ್ಲಿ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತು. "ತಾತನ ಆಸ್ತಿ ನಿನಗೆ ಬಂತು ಬಿಡು" ಅಂತ ಅಮ್ಮ ನಕ್ಕರು. ಆದರೆ ಇವೆರಡೂ ಬೇರೆ ಬೇರೆ ಅಲರ್ಜಿ. ತಾತನದು ಚರ್ಮಕ್ಕೆ ತಾಗಿ ಒಂದೆರಡು ದಿನ ಬಿಟ್ಟು ಏಳುವಂಥದ್ದು, ಅದಕ್ಕೆ ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಟೆಸ್ಟ್. ನನ್ನದು ಪರಾಗದಿಂದ ತಕ್ಷಣ ಬರುವಂಥದ್ದು. ಒಂದೇ ಗಿಡ, ಎರಡು ದಾರಿ. ಟಾಟಾ ಇನ್‌ಸ್ಟಿಟ್ಯೂಟಿನವರೇ 1991ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೆಂಗಳೂರಿನಲ್ಲಿ ಪರೀಕ್ಷಿಸಿದವರಲ್ಲಿ ಶೇ 7ರಷ್ಟು ಜನಕ್ಕೆ ಈ ಪರಾಗದಿಂದ ಮೂಗಿನ ಅಲರ್ಜಿ ಇತ್ತು. ನಮ್ಮ ಪಕ್ಕದ ಜ್ಞಾನಭಾರತಿಯಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಎಸ್.ಎನ್. ಆಗಾಶೆ ಬೆಂಗಳೂರಿನ ಗಾಳಿಯಲ್ಲಿ ಯಾವಾಗ ಯಾವ ಪರಾಗ ಇರುತ್ತದೆ ಅಂತ ಲೆಕ್ಕ ಇಟ್ಟಿದ್ದರು. ಡಾ. ಎಚ್. ಪರಮೇಶ್ ಬೆಂಗಳೂರಿನ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ ಅಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆಗಿತ್ತು. ಇಷ್ಟೆಲ್ಲ ನಮ್ಮೂರಲ್ಲೇ ನಡೆದಿತ್ತು. ನನಗೆ ಗೊತ್ತಾದದ್ದು ಇಪ್ಪತ್ತೇಳನೇ ವಯಸ್ಸಿನಲ್ಲಿ.

ಇದೆಲ್ಲ ಹಳೇ ಕಥೆ ಅಂತ ಬಿಡಬಹುದಿತ್ತು. ಆದರೆ ಕಳೆದ ವರ್ಷ ಕಡಲೆಕಾಯಿ ಪರಿಷೆಯಿಂದ ಬಂದ ಸಂಜೆ ಅಕ್ಕನ ಮಗಳಿಗೆ ಮೈಯೆಲ್ಲ ದದ್ದು ಎದ್ದಿತು. ಹಿಂದೆ ಒಂದೆರಡು ಸಲ ಬಾಯಿ ಸುತ್ತ ಕೆಂಪಾಗಿತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. "ಪಿತ್ತದ ಗಂಧೆ, ಕಂಬಳಿ ಹೊದಿಸು" ಅಂದರು ಅಮ್ಮ. ಹತ್ತು ನಿಮಿಷದಲ್ಲಿ ವಾಂತಿ, ದನಿ ಗೊರಗೊರ. ಆಟೋದಲ್ಲಿ "ಮಾಮಾ, ಗಂಟಲು ಸಣ್ಣ ಆಗ್ತಿದೆ" ಅಂದಳು. ಐದು ವರ್ಷದ ಮಗು. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷದಲ್ಲಿ ಉಸಿರು ಸರಿಹೋಯಿತು. ಇದರ ಹೆಸರು ಅನಾಫಿಲ್ಯಾಕ್ಸಿಸ್. ಆಗ ಮೊದಲು ಬೇಕಾದದ್ದು ಅಡ್ರಿನಲಿನ್, ಅಲರ್ಜಿ ಮಾತ್ರೆ ಅದರ ಬದಲಿ ಅಲ್ಲ. ಈ ಎರಡು ವಾಕ್ಯ ನಮ್ಮ ಮನೆಯಲ್ಲಿ ಆ ದಿನದವರೆಗೆ ಯಾರಿಗೂ ಗೊತ್ತಿರಲಿಲ್ಲ. ಮೂರು ತಲೆಮಾರು ಕಳೆದರೂ ನಾವು ತಾತನ ಜಾಗದಲ್ಲೇ ನಿಂತಿದ್ದೆವು.

ಆಮೇಲೆ ಓದಿಕೊಂಡೆ. ಬೆಂಗಳೂರು, ಮೈಸೂರಿನ ಹನ್ನೊಂದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸುಮಾರು ಶೇ 26 ಜನರ ರಕ್ತ ಯಾವುದೋ ಆಹಾರಕ್ಕೆ ಪಾಸಿಟಿವ್ ತೋರಿಸುತ್ತದೆ. ಆದರೆ ಆಹಾರದ ಅಲರ್ಜಿ ಇರಬಹುದಾದವರು ಶೇ 1.2 ಮಾತ್ರ. ಟೆಸ್ಟ್ ರಿಪೋರ್ಟ್ ನೋಡಿ ಊಟ ಬಿಡುವ ಮೊದಲು ಅಲರ್ಜಿ ತಜ್ಞರನ್ನು ಕೇಳಿ ಅಂತ ಇದರ ಅರ್ಥ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಲ್ಲಿ ಕಡಲೆಕಾಯಿ, ಹಾಲು, ಮೊಟ್ಟೆ, ಮೀನು, ಸೋಯಾ ಇತ್ಯಾದಿ ಇದ್ದರೆ ಪ್ಯಾಕೆಟ್ ಮೇಲೆ ಹೇಳಲೇಬೇಕು. ಬೀದಿಯ ಚಿತ್ರಾನ್ನಕ್ಕೆ ಲೇಬಲ್ ಇರುವುದಿಲ್ಲ, ಅಲ್ಲಿ ನಾವೇ ಬಾಯಿಬಿಟ್ಟು ಕೇಳಬೇಕು. ಅಕ್ಕ ಈಗ ಸ್ಕೂಲಿನ ಮಿಸ್ಸಿಗೆ, ಆಯಾಗೆ, ವ್ಯಾನ್ ಡ್ರೈವರಿಗೆ ಕನ್ನಡದಲ್ಲಿ ಬರೆದ ಒಂದು ಚೀಟಿ ಕೊಟ್ಟಿದ್ದಾಳೆ. ಏನು ಕೊಡಬಾರದು, ಏನಾದರೆ ಎಲ್ಲಿಗೆ ಓಡಬೇಕು, ಯಾರಿಗೆ ಫೋನ್ ಮಾಡಬೇಕು. ಅಷ್ಟೆ.

ಆ ಚೀಟಿ ನೋಡಿದಾಗೆಲ್ಲ ನನಗೆ ತಾತನ ಕುತ್ತಿಗೆ ನೋಡಿ ಗಿಡದ ಹೆಸರು ಹೇಳಿದ ಆ ಹೆಂಗಸು ನೆನಪಾಗುತ್ತಾಳೆ. ಅವಳ ಹೆಸರು ಅಮ್ಮನಿಗೂ ಗೊತ್ತಿಲ್ಲ. ಪ್ರಯೋಗಾಲಯದಲ್ಲಿ ಕಂಡುಕೊಂಡದ್ದನ್ನು ನಮ್ಮ ಬೀದಿಗೆ ತಂದವಳು ಅವಳೇ, ತನ್ನ ಮೈಮೇಲೆ ಅನುಭವಿಸಿ. ಇಷ್ಟು ಉದ್ದ ಬರೆದದ್ದೂ ಅವಳು ಮಾಡಿದ ಕೆಲಸವನ್ನು ನಾನೂ ಒಂಚೂರು ಮಾಡೋಣ ಅಂತ. ನಿಮ್ಮ ಮನೆಯಲ್ಲೂ ಬೇಸಿಗೆಯಲ್ಲಿ ಟವೆಲ್ ಸುತ್ತಿಕೊಂಡು ಓಡಾಡುವವರು ಯಾರಾದರೂ ಇದ್ದರೆ, ಒಂದು ಸಲ ಕುತ್ತಿಗೆ ನೋಡಿ. ಆಮೇಲೆ ಪಕ್ಕದ ಖಾಲಿ ಸೈಟನ್ನೂ ನೋಡಿ.