ಹಂತ ತೋರಿಸದ ಲೆಕ್ಕ

ಕಳೆದ ತಿಂಗಳು ನಮ್ಮ ಮಹಡಿ ಮನೆ ಖಾಲಿಯಾಯಿತು. ಮೂರು ವರ್ಷ ಇದ್ದ ತರುಣ ದಂಪತಿ ಬೇರೆ ಊರಿಗೆ ಹೊರಟಿದ್ದರು. ಬೆಂಗಳೂರಿನ ರೂಢಿಯಂತೆ ಬಣ್ಣದ ಖರ್ಚಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು, ಉಳಿದ ಅಡ್ವಾನ್ಸಿಗೆ ಚೆಕ್ ಬರೆದುಕೊಟ್ಟೆ. ಆ ಹುಡುಗ ವಿನಯದಿಂದಲೇ ಕೇಳಿದ: "ಸಾರ್, ಬಣ್ಣಕ್ಕೆ ಎಷ್ಟಾಯ್ತು ಅಂತ ಒಂದು ಲೆಕ್ಕ ಕೊಡ್ತೀರಾ?" ಒಂದು ಕ್ಷಣ ನನಗೆ ಸಿಟ್ಟು ಬಂದದ್ದು ನಿಜ. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನನ್ನೇ ಲೆಕ್ಕ ಕೇಳುವುದೇ! ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು 1974ರ ವಠಾರ.

ಆಗ ನಾನು ಕೆಲಸಕ್ಕೆ ಸೇರಿದ ಹೊಸತು. ಚಾಮರಾಜಪೇಟೆಯ ವಠಾರವೊಂದರಲ್ಲಿ ಎರಡು ಕೋಣೆಯ ಮನೆ. ಆರು ಸಂಸಾರಗಳಿಗೆ ಒಂದೇ ಕರೆಂಟು ಮೀಟರು. ತಿಂಗಳ ಕೊನೆಗೆ ಮಾಲೀಕರು ಬಾಗಿಲಲ್ಲಿ ನಿಂತು ಒಂದು ಮೊತ್ತ ಹೇಳುವರು, ನಾವು ಕೊಡುವೆವು. ಬಿಲ್ಲನ್ನು ಕಣ್ಣಾರೆ ಕಂಡವರಿಲ್ಲ. ಮನೆ ಬಿಡುವಾಗ ಸುಣ್ಣಬಣ್ಣ, ರಿಪೇರಿ, "ಇತರೆ" ಎಂದು ಅಡ್ವಾನ್ಸಿನಲ್ಲಿ ಅರ್ಧ ಹೋಯಿತು. ಹಂತ ತೋರಿಸದೆ ಉತ್ತರ ಮಾತ್ರ ಬರೆದ ಮಕ್ಕಳ ಅಂಕ ಕಡಿಯುತ್ತಿದ್ದ ನಾನು, ಅವರನ್ನು ಹಂತ ಕೇಳುವ ಧೈರ್ಯ ಮಾಡಲಿಲ್ಲ.

ಇತಿಹಾಸವನ್ನು ನೋಡಿದರೆ, ಕಾನೂನು ಕೂಡ ಬಹುಕಾಲ ಹಂತಗಳಿಗಿಂತ ಉತ್ತರದ ಕಡೆಗೇ ಹೆಚ್ಚು ಗಮನ ಕೊಟ್ಟಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ಬಾಡಿಗೆ ಏರಿದಾಗ, ಮೇರಿ ಬಾರ್ಬರ್ ಮುಂತಾದ ಹೆಂಗಸರು ಮುಂದೆ ನಿಂತು ಬಾಡಿಗೆ ಮುಷ್ಕರ ನಡೆಸಿದರು. ಅದರ ಫಲವಾಗಿ 1915ರಲ್ಲಿ ಬ್ರಿಟನ್ನಿನಲ್ಲಿ ಬಾಡಿಗೆ ಏರಿಕೆಯನ್ನು ತಡೆಯುವ ಕಾಯ್ದೆ ಬಂತು. 1918ರಲ್ಲಿ ಮುಂಬಯಿಗೂ ಅಂಥದೇ ಕಾಯ್ದೆ ಬಂತು. 1947ರ ಮುಂಬಯಿ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆ ಪಡೆದವರು ಲಿಖಿತ ರಸೀದಿ ಕೊಡಬೇಕು, ಬಾಡಿಗೆಯ ಮೇಲೆ ಪಗಡಿ ಕೇಳಬಾರದು ಎಂದೂ ಅದರಲ್ಲಿತ್ತು. ಆದರೆ ಬೆಲೆಗಳೆಲ್ಲ ಏರುತ್ತಿರುವಾಗ ಬಾಡಿಗೆಯೊಂದೇ ನಿಂತಲ್ಲೇ ನಿಂತರೆ ಏನಾದೀತು? ಪಗಡಿ ಕತ್ತಲಲ್ಲಿ ಬೆಳೆಯಿತು, ಕಟ್ಟಡಗಳು ರಿಪೇರಿಯಿಲ್ಲದೆ ಶಿಥಿಲವಾದವು. ಕೊನೆಗೆ ಮಲ್ಪೆ ವಿಶ್ವನಾಥ ಆಚಾರ್ಯ ಎಂಬುವರ ಮೊಕದ್ದಮೆಯಲ್ಲಿ, 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಒಂದು ಕಾಲಕ್ಕೆ ನ್ಯಾಯವಾಗಿದ್ದ ನಿಯಮವೂ ಕಾಲ ಕಳೆದಂತೆ ಅನ್ಯಾಯವಾಗಬಹುದು ಎಂಬುದು ಅದರ ಸಾರ.

ನಮ್ಮಲ್ಲಿ 1956ರ ಏಕೀಕರಣದ ಹೊತ್ತಿಗೆ ಮೈಸೂರಿಗೆ ಒಂದು, ಮುಂಬಯಿ ಪ್ರಾಂತದಿಂದ ಬಂದ ಜಿಲ್ಲೆಗಳಿಗೆ ಒಂದು, ಹೈದರಾಬಾದ್ ಮತ್ತು ಮದ್ರಾಸಿನ ಭಾಗಗಳಿಗೆ ಒಂದೊಂದು ಎಂದು ಬೇರೆ ಬೇರೆ ಬಾಡಿಗೆ ಕಾನೂನುಗಳಿದ್ದವು. 1961ರ ಕಾಯ್ದೆ ಅವನ್ನು ಒಂದಾಗಿಸಿತು. ಅದರ ಬದಲಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ನಿರ್ಮಾಣದ ವೆಚ್ಚ, ನಿವೇಶನದ ಬೆಲೆ ಇವುಗಳಿಂದ ಬಾಡಿಗೆ ಲೆಕ್ಕ ಹಾಕುವ ಸೂತ್ರವನ್ನೇ ಅದು ಕೊಟ್ಟಿತು. ಗಣಿತದ ಮೇಷ್ಟ್ರಿಗೆ ಸಂತೋಷವಾಗಬೇಕಾದ ಮಾತು! ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ಅದು ಹೊರಗಿಟ್ಟಿತು. ಅಪಾರ್ಟ್‌ಮೆಂಟುಗಳ ಕಾಲ ಬರುವ ಹೊತ್ತಿಗೆ ಸೂತ್ರ ಪುಸ್ತಕದಲ್ಲೇ ಉಳಿಯಿತು.

ಇಂಗ್ಲೆಂಡು ಬೇರೆ ದಾರಿ ಹಿಡಿಯಿತು. ಅಲ್ಲಿಯ 1985ರ ಕಾಯ್ದೆಯ ಪ್ರಕಾರ, ನಿರ್ವಹಣೆಯ ಖರ್ಚು ಕೊಡುವ ಫ್ಲ್ಯಾಟ್ ನಿವಾಸಿ ಆ ಖರ್ಚಿನ ಸಾರಾಂಶವನ್ನು ಲಿಖಿತವಾಗಿ ಕೇಳಬಹುದು, ರಸೀದಿಗಳನ್ನೂ ಪರಿಶೀಲಿಸಬಹುದು. ಬೆಲೆ ಕಟ್ಟುವುದಕ್ಕಿಂತ ಲೆಕ್ಕ ತೋರಿಸುವುದಕ್ಕೆ ಇಲ್ಲಿ ಮಹತ್ವ. ನಮ್ಮ ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿಯೂ ಈ ಗಾಳಿ ಬೀಸಿದೆ. ಲಿಖಿತ ಕರಾರು ಕಡ್ಡಾಯ. ವಾಸದ ಮನೆಗೆ ಅಡ್ವಾನ್ಸು ಎರಡು ತಿಂಗಳ ಬಾಡಿಗೆಯನ್ನು ಮೀರಕೂಡದು. ಯಾವ ರಿಪೇರಿ ಯಾರದೆಂಬ ಪಟ್ಟಿಯೂ ಇದೆ: ಸುಣ್ಣಬಣ್ಣ, ಪೈಪು, ವೈರಿಂಗ್ ಮಾಲೀಕನ ಪಾಲಿಗೆ, ನಲ್ಲಿಯ ವಾಷರು, ಸ್ವಿಚ್ಚು, ಮೋರಿಯ ಸ್ವಚ್ಛತೆ ಬಾಡಿಗೆದಾರನ ಪಾಲಿಗೆ. ಆದರೆ ಬಾಡಿಗೆ ರಾಜ್ಯಗಳ ವಿಷಯ. ರಾಜ್ಯದ ಶಾಸನಸಭೆ ತನ್ನದಾಗಿ ಮಾಡಿಕೊಂಡಾಗಲೇ ಮಾದರಿಗೆ ಜೀವ.

ಆ ಪಟ್ಟಿಯನ್ನು ಓದಿ ನನಗೆ ನಾಚಿಕೆಯಾಯಿತು. ಬಣ್ಣ ನನ್ನ ಪಾಲಿನದು. ನಾನು ಹಿಡಿದದ್ದು ರೂಢಿಯ ಬಲದಿಂದ. ಮಾಲೀಕರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಪಿಂಚಣಿಯ ಜೊತೆಗೆ ಬಾಡಿಗೆಯನ್ನೇ ನಂಬಿದ ನಮ್ಮಂಥವರಿಗೆ ಬಣ್ಣದ ಖರ್ಚು ಸಣ್ಣದಲ್ಲ. ಆದರೆ ಖರ್ಚು ನಿಜವಾಗಿದ್ದರೆ ಅದನ್ನು ತೋರಿಸಲು ಸಂಕೋಚವೇಕೆ? ತೋರಿಸಿದ ಲೆಕ್ಕ ಮಾಲೀಕನ ಮಾನವನ್ನೂ ಕಾಯುತ್ತದೆ.

ಬಣ್ಣ ಮುಗಿದ ಮೇಲೆ ಬಿಲ್ಲು ನೋಡಿದೆ. ನಾನು ಹಿಡಿದ ಹಣಕ್ಕಿಂತ ಕಡಿಮೆಯೇ ಆಗಿತ್ತು. ಆದರೂ ವ್ಯತ್ಯಾಸವನ್ನಷ್ಟೇ ಕೊಡಲು ಮನಸ್ಸಾಗದೆ, ಹಿಡಿದದ್ದನ್ನೆಲ್ಲ ಹಿಂದಿರುಗಿಸಿದೆ. ಜೊತೆಗೆ ಬಿಲ್ಲಿನ ಪ್ರತಿಯನ್ನೂ ಕಳಿಸಿದೆ. ಕೇಳಿದ್ದನಲ್ಲ!

ಹೊಸ ಬಾಡಿಗೆದಾರರು ಮುಂದಿನ ವಾರ ಬರುತ್ತಾರೆ. ಕರಾರಿನ ಹಿಂದೆ ಒಂದು ಹಾಳೆ ಲಗತ್ತಿಸಿದ್ದೇನೆ: ನೀರಿಗೆ ಎಷ್ಟು, ಮೋಟಾರಿನ ಕರೆಂಟಿಗೆ ಎಷ್ಟು, ಯಾವ ರಿಪೇರಿ ಯಾರದು. ಹಂತ ಹಂತವಾಗಿ.